ಓಬಯ್ಯನ ಕ್ವಾರ್ಟ್ರು

ಹಿರಿಯರ ಹಬ್ಬದ ಬೆಳಿಗ್ಗೆ ಉಚ್ಚೆಂಗೆಮ್ಮ ಒಲೆಯ ಮುಂದೆ ಕೂತು ಗಂಡನಿಗೆ ಇಷ್ಟವಾದದ್ದನ್ನೆಲ್ಲ ಬಾಯಲ್ಲೇ ನೆನೆಸಿಕೊಳ್ಳುತ್ತಿದ್ದಳು. ಕೋಳಿ ಸಾರು, ಕಡುಬು, ಹುರಿದ ಮೆಣಸಿನಕಾಯಿ, ಒಂದು ಕಟ್ಟು ಬೀಡಿ. ಆಮೇಲೆ ಮಗಳ ಕಡೆ ನೋಡದೆ ದನಿ ಇಳಿಸಿದಳು.

"ಅದೂ ಬೇಕಲ್ಲೇ ನೀಲಿ."

"ಯಾವುದು?"

"ಅದೇ. ನಿಮ್ಮಪ್ಪ ಕುಡಿತಿದ್ನಲ್ಲ, ಅದು."

ಓಬಯ್ಯ ತೀರಿಕೊಂಡ ಮೇಲೆ ಇದು ಮೊದಲನೇ ಎಡೆ. ಹೋದವರು ಇದ್ದಾಗ ಏನು ಉಂಡರೋ ಏನು ಕುಡಿದರೋ ಎಲ್ಲವನ್ನೂ ಎಲೆಯ ಮುಂದೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಮನೆಯವರು ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುತ್ತಾರೆ. ಒಂದು ಕಡಿಮೆಯಾದರೂ ಗಂಡ ಅರೆಹೊಟ್ಟೆಯಲ್ಲಿ ಎದ್ದು ಹೋಗಿಬಿಟ್ಟಾನು ಎಂಬ ಚಿಂತೆ ಉಚ್ಚೆಂಗೆಮ್ಮನಿಗೆ.

ಚಿಂತೆ ಅವಳದು, ಹೋಗಬೇಕಾದವಳು ಮಗಳು. ನೀಲಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಿರಾಣಿ ಅಂಗಡಿಯಲ್ಲಿ ಕೂಡ ಗಂಡಸರೆಲ್ಲ ಹೋಗುವವರೆಗೆ ಕಂಬಕ್ಕೆ ಆತು ನಿಲ್ಲುವ ಹುಡುಗಿ. ಆದರೆ ಅಪ್ಪ ಹಸಿದು ಹೋಗುತ್ತಾನೆ ಎಂದಾಗ ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

"ಎಲ್ಲಿ ಸಿಗ್ತೈತಮ್ಮ?"

"ಇನ್ನೆಲ್ಲಿ? ಹರಿಹರದ ಕ್ವಾರ್ಟ್ರಸ್‌ನಾಗೆ. ಪಗಾರದ ದಿನ ಹೇಳೇ ಹೋಗ್ತಿದ್ನಲ್ಲ, ಇವತ್ತು ತಡ ಆಗ್ತೈತೆ, ಕ್ವಾರ್ಟ್ರು ಮುಗಿಸ್ಕೊಂಡು ಬರ್ತೀನಿ ಅಂತ. ಅಲ್ಲಿ ಯಾವನೋ ಒಬ್ಬ ಅದಾನೆ. ಅವನ ಮನಿ ಹಾಳಾಗ, ಅವನೇ ಕುಡಿಸಿ ಕಳಿಸ್ತಿದ್ದ."

ಓಬಯ್ಯ ದಾವಣಗೆರೆಯಿಂದ ಹರಿಹರದ ಕಾರ್ಖಾನೆಗೆ ದಿನಾ ಹೋಗಿ ಬರುತ್ತಿದ್ದವನು. ನೀಲಕ್ಕ ಅವನ ಬಸ್ಸನ್ನೇ ಹತ್ತಿದಳು. ಬಾತಿ ದಾಟುವಾಗ ಒಮ್ಮೆ ಇಳಿದು ವಾಪಸು ಹೋಗಲೇ ಅನ್ನಿಸಿತು. ಇಳಿಯಲಿಲ್ಲ.

ಕಾರ್ಖಾನೆಯವರ ಕ್ವಾರ್ಟ್ರಸ್ಸಿನಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಎದುರು ಎಷ್ಟೋ ಹೊತ್ತು ನಿಂತು, ಕೊನೆಗೆ ಬಾಯಿ ಬಿಟ್ಟಳು. "ಓಬಯ್ಯ ಅಂತ, ಇಲ್ಲಿ ಯಾರ ಮನಿಗೆ ಬರ್ತಿದ್ರು ಗೊತ್ತೇನ್ರಿ?"

"ಯಾತಕ್ಕೆ ಬರ್ತಿದ್ರು?"

"ಕುಡಿಯಾಕೆ."

ಹೆಂಗಸು ಹುಡುಗಿಗೇ ನೀರಡಿಕೆ ಎಂದು ತಿಳಿದಳೋ ಏನೋ, "ಅಯ್ಯ, ಬಿಸಿಲಾಗೆ ಬಂದೀಯ ತಾಯಿ," ಎಂದು ಎದ್ದು ಹೋಗಿ ಒಂದು ಚೊಂಬು ನೀರು ತಂದುಕೊಟ್ಟಳು. ನೀಲಕ್ಕ ಗಟಗಟ ಕುಡಿದು ಚೊಂಬು ವಾಪಸು ಕೊಟ್ಟು, ಮತ್ತೆ ಕೇಳುವ ಧೈರ್ಯವಾಗದೆ ಮುಂದಿನ ಬಸ್ಸಿಗೆ ಊರಿಗೆ ಬಂದಳು.

ಪಕ್ಕದ ಮನೆಯ ಮಾಬೂಬೀ ಮಂಡಕ್ಕಿ ಭಟ್ಟಿ ಇಟ್ಟುಕೊಂಡವಳು. ಅಂಗಳದಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದವಳು ಹುಡುಗಿಯ ಮುಖ ನೋಡಿ ತಡೆದಳು. "ಹಬ್ಬದ ದಿನ ಮಾರಿ ಯಾಕ ಹಿಂಗೆ?"

ನೀಲಕ್ಕ ನಡೆದದ್ದನ್ನು ಹೇಳಿದ್ದೇ ತಡ, ಮಾಬೂಬೀ ನಕ್ಕ ರಭಸಕ್ಕೆ ಜರಡಿಯೊಳಗಿನ ಮಂಡಕ್ಕಿ ಅರ್ಧ ನೆಲಕ್ಕೆ ಬಿತ್ತು.

"ಅಯ್ಯೋ ಹುಚ್ಚೀ! ಕ್ವಾರ್ಟ್ರು ಅಂದ್ರೆ ಮನಿ ಅಲ್ಲ ಕಣೇ, ಬಾಟ್ಲಿ! ಕಾಲು ಬಾಟ್ಲಿ!"

"ನಿನಗೆಂಗೆ ಗೊತ್ತು ಮಾಬೂಬಕ್ಕ?"

"ನನ್ನ ಮಂಡಕ್ಕಿ ಹೋಗೋದು ಎಲ್ಲಿಗೆ ಅಂದ್ಕೊಂಡೀ? ಮದುವಿ ಮನಿಗಾ? ಕೇಳಿಲ್ಲಿ. ಬಸ್‌ಸ್ಟ್ಯಾಂಡ್ ಎದುರಿನ ಬ್ರಾಂಡಿ ಅಂಗಡಿ ಬ್ಯಾಡ, ಅಲ್ಲಿ ಬರೇ ಜಗಳ. ಸಂತಿ ಕಡೀದೂ ಬ್ಯಾಡ, ಅವನು ನೀರು ಬೆರೆಸ್ತಾನೆ, ನಿಮ್ಮಪ್ಪ ಬಂದೋನು ಬೈದು ಹೋಗ್ತಾನೆ. ಹಿಟ್ಟಿನ ಗಿರಣಿ ಪಕ್ಕ ಹಾಲೇಶಪ್ಪಂದು ಐತಲ್ಲ, ಅದು ಮರ್ಯಾದಸ್ಥರ ಅಂಗಡಿ."

ಹಿಟ್ಟಿನ ಡಬ್ಬಿ ಹೊತ್ತು ನೀಲಕ್ಕ ವಾರವಾರ ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದ ಅಂಗಡಿ ಅದು.

"ನೀನೂ ಬಾ."

"ತೋಬಾ ತೋಬಾ! ತಿರುವಿನ ತಂಕ ಬರ್ತೀನಿ. ಅಲ್ಲಿಂದಾಚೆ ನನಗೆ ಕಣ್ಣು ಕಾಣಂಗಿಲ್ಲ." ತಿರುವಿನಲ್ಲಿ ಮಾಬೂಬೀ ಸೆರಗು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತೇಬಿಟ್ಟಳು.

ಅಂಗಡಿಯ ಮುಂದೆ ಇಬ್ಬರು ನಿಂತಿದ್ದರು. ಗಲ್ಲಾದ ಹಿಂದೆ ಕನ್ನಡಕ ಹಾಕಿದ ವಯಸ್ಸಾದ ಹಾಲೇಶಪ್ಪ. ಅವನು ನೀಲಕ್ಕನನ್ನು ಕಂಡವನೇ ಆ ಇಬ್ಬರಿಗೆ, "ಸರೀರಪ್ಪ, ಹೆಣ್ಮಗಳು ಬಂದಾಳೆ," ಎಂದ. ಅವರು ತೆಪ್ಪಗೆ ಸರಿದರು.

"ಏನು ಬೇಕು ತಂಗಿ?"

"ಕ್ವಾರ್ಟ್ರು."

"ಯಾವುದು?"

ಅದರಲ್ಲೂ ಬೇರೆ ಬೇರೆ ಇರುತ್ತವೆಂದು ಅವಳಿಗೇನು ಗೊತ್ತು? ಸಾಲು ಸಾಲು ಬಾಟಲಿಗಳು. ಯಾವುದು ಅಪ್ಪನದು? ಇಷ್ಟು ದೂರ ಬಂದು ತಪ್ಪು ಒಯ್ದರೆ? "ಎಡಿಗೆ ಬೇಕಿತ್ತು. ನಮ್ಮಪ್ಪ ಓಬಯ್ಯ ಅಂತ. ಹರಿಹರಕ್ಕೆ ಹೋಗ್ತಿದ್ರು."

ಹಾಲೇಶಪ್ಪ ಕನ್ನಡಕ ತೆಗೆದ. "ನಿಧಾನದ ಓಬಯ್ಯನ ಮಗಳೇನವ್ವ ನೀನು!"

"ನಿಧಾನದ?"

"ಹೂಂ ಮತ್ತೆ. ಬಾಗಿಲು ಹಾಕೋ ಹೊತ್ತಾದ್ರೂ ಅವನ ಗ್ಲಾಸು ಅರ್ಧ ಇರ್ತಿತ್ತು. ಅವಸರ ಮಾಡಬ್ಯಾಡ ಹಾಲೇಶಿ, ಮನಿಯಾಗೆ ನನ್ನ ಹೆಂಡ್ತಿ ಗಡಿಯಾರ ನೋಡ್ಕೋತ ಕುಂತಿರ್ತಾಳೆ, ಇಲ್ಲಾರ ಆರಾಮ ಕೂಡ್ತೀನಿ ಅನ್ನೋನು. ಒಂದಿನ ಜೋರಾಗಿ ಮಾತಾಡಿದೋನಲ್ಲ." ಮೇಲಿನ ಸಾಲಿನಿಂದ ಒಂದು ಚಪ್ಪಟೆ ಬ್ರಾಂಡಿ ಬಾಟಲಿ ಇಳಿಸಿ ಪೇಪರಿನಲ್ಲಿ ಸುತ್ತಿದ. ಜೊತೆಗೆ ಒಂದು ಗೋಲಿ ಸೋಡಾ ಇಟ್ಟ. "ಬರೇ ಬ್ರಾಂಡಿ ಇಡಬ್ಯಾಡ್ರಿ. ಸೋಡಾ ಇಲ್ದೆ ಮುಟ್ತಿರಲಿಲ್ಲ ಅವನು."

ನೀಲಕ್ಕನಿಗೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಬೇಕೆನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿ, ಬಾಟಲಿಯನ್ನು ಸೆರಗಿನೊಳಗೆ ಅವುಚಿಕೊಂಡು ಹೊರಟಳು.

ಮನೆಯಲ್ಲಿ ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಗಿರಣಿ ಮಗ್ಗುಲಾಗಾ?"

"ಹೂಂ."

"ಹಂಗಾರೆ ಕ್ವಾರ್ಟ್ರಸ್‌ನಾಗೆ ಯಾರೂ ಇಲ್ಲೇನು?"

"ಯಾರೂ ಇಲ್ಲಮ್ಮ."

"ಮತ್ತೆ ನಾನು ಇಷ್ಟು ವರ್ಷ ಬೈದದ್ದು ಯಾರನ್ನೇ?" ಎಂದು ಉಚ್ಚೆಂಗೆಮ್ಮ ನಗಲು ಹೋದಳು. ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು ಗ್ಲಾಸು ತೊಳೆಯಲು ಕೂತಳು. "ಗಡಿಯಾರ ನೋಡ್ತಿದ್ದೆ ಅಂದ್ನಾ? ನೋಡ್ತಿದ್ದೆ, ನಿಜ."

ದೀಪ ಹಚ್ಚುವ ಹೊತ್ತಿಗೆ ಎಡೆ ಇಟ್ಟರು. ನೀಲಕ್ಕ ಬ್ರಾಂಡಿಗೆ ಸೋಡಾ ಸುರಿದಳು. ಅದು ಸುಂಯ್ ಎಂದು ಮೇಲೆದ್ದು ಇಳಿಯಿತು. ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಕಟ್ಟೆಯ ಮೇಲೆ ಬಂದು ನಿಂತರು. ಸಾಮಾನ್ಯವಾಗಿ ನಾಲ್ಕು ಉಸಿರು ಆಡುವಷ್ಟು ಹೊತ್ತು ಬಿಟ್ಟು, ಕದ ಬಡಿದು ಒಳಗೆ ಹೋಗುವುದು ವಾಡಿಕೆ.

ನೀಲಕ್ಕ ಬಡಿಯಲು ಕೈ ಎತ್ತಿದಳು. ತಾಯಿ ಆ ಕೈ ಹಿಡಿದು ಕೆಳಗಿಳಿಸಿದಳು.

"ತಡಿಯೇ. ಅವಸರ ಏನೈತೆ?"

"ಸಾರು ಆರಿ ಹೋಗ್ತೈತಮ್ಮ. ಹಸಿವೂ ಆಗೈತೆ."

"ಆಗ್ಲಿ," ಎಂದು ಉಚ್ಚೆಂಗೆಮ್ಮ ಕಟ್ಟೆಯ ಮೇಲೆ ಕಾಲು ನೀಡಿ ಕೂತಳು. "ಅವನ ಗ್ಲಾಸು ಇನ್ನಾ ಅರ್ಧ ಇರಬೇಕು."