ಕೆಂಪಾಗದ ಬಿಯರ್

ಇಗ್ನೇಷಿಯಸ್ ಬಾಟಲಿಯನ್ನು ಗ್ಲಾಸಿಗೆ ಬಗ್ಗಿಸಿ, ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆಂಪು ಇರಲಿಲ್ಲ. ಜೇನಿನಂಥ ಹಳದಿ.

ಅವನಿಗೆ ಬೇಕಿದ್ದುದು ಐರಿಶ್ ರೆಡ್ ಏಲ್, ದಾಳಿಂಬೆಯ ಬಣ್ಣದ ಬಿಯರ್. ಬಹರೇನಿನ ಸಿತ್ರಾದ ಕಾರ್ಖಾನೆಯಲ್ಲಿ ಅವನ ಸೂಪರ್‌ವೈಸರ್ ಆಗಿದ್ದ ರಾಬರ್ಟ್ ಬರುವ ಮಾರ್ಚ್ ತಿಂಗಳಲ್ಲಿ ಕೆಲಸ ಬಿಟ್ಟು ಐರ್ಲೆಂಡಿಗೆ ಮರಳುವವನಿದ್ದ. ತನ್ನೂರಿನ ಆ ಬಿಯರ್ ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವೆಂದು ಅವನು ಕೊರಗುವುದನ್ನು ಕೇಳಿ, ಬೀಳ್ಕೊಡುಗೆಗೆ ತಾನೇ ಮಾಡಿಕೊಡುತ್ತೇನೆಂದು ಇಗ್ನೇಷಿಯಸ್ ಮಾತು ಕೊಟ್ಟಿದ್ದ. ರಾಬರ್ಟ್‌ನ ಜಾಗಕ್ಕೆ ಎರಡು ಹೆಸರು ಓಡಾಡುತ್ತಿದ್ದವು. ಒಂದು ಇಗ್ನೇಷಿಯಸ್‌ನದು, ಇನ್ನೊಂದು ಅವನ ಜೊತೆ ಕೆಲಸದ ಗೆಳೆಯ ಕ್ರೇಗ್‌ನದು. ಊರಿನಲ್ಲಿ ಇಬ್ಬರೂ ಪೂಜೆಗೆ ಹೋಗುತ್ತಿದ್ದುದು ಒಂದೇ ಇಗರ್ಜಿಗೆ. ಪ್ರತಿ ಗುರುವಾರ ಸಂಜೆ ಕ್ರೇಗ್ ಬಂದು ಜೊತೆಯಲ್ಲಿ ನಿಂತು ಬಿಯರ್ ಕಾಯಿಸುತ್ತಿದ್ದ.

ಬಣ್ಣ ಬರಬೇಕಾದದ್ದು ಬಾರ್ಲಿಯಿಂದ. ಅರಬರ ಪೇಟೆ ಸೂಕ್‌ನಲ್ಲಿ ಸಿಗುವ ಬಾರ್ಲಿಯನ್ನು ಕಪ್ಪಾಗುವಷ್ಟು ಹುರಿದು ಪುಡಿಮಾಡಿ, ಕುದಿಯುವ ಮಾಲ್ಟಿನ, ಅಂದರೆ ಮೊಳಕೆ ಧಾನ್ಯದ, ರಸಕ್ಕೆ ಸ್ವಲ್ಪವೇ ಹಾಕಬೇಕು. ಮೊದಲ ಸಲ ಜಾಸ್ತಿಯಾಗಿ ಬಿಯರ್ ಕಾಫಿ ಕಷಾಯದಂತಾಗಿತ್ತು. ಎರಡನೆಯ ಸಲ ಅಳತೆ ಸರಿಯಿತ್ತು. ಆದರೆ ಪುಡಿ ಹಾಕುವ ಹೊತ್ತಿಗೇ ಕಟ್ಟಡದ ಕಾವಲಿನ ಝಕರಿಯಾ ನೀರಿನ ಪೈಪ್ ನೋಡಲು ಬಂದು ಬೆಲ್ ಒತ್ತಿದ್ದ. ಮನೆಯಲ್ಲಿ ಬಿಯರ್ ಕಾಯಿಸುವುದು ಹೊರಗೆ ಗೊತ್ತಾದರೆ ವೀಸಾಕ್ಕೇ ಕುತ್ತು ಎಂಬ ಹೆದರಿಕೆಯಲ್ಲಿ ಇಗ್ನೇಷಿಯಸ್ ಬಾಗಿಲಲ್ಲೇ ಅವನನ್ನು ಮಾತಿಗೆಳೆದು ನಿಲ್ಲಿಸಿದ. ಅಡುಗೆಮನೆಯಲ್ಲಿ ಕ್ರೇಗ್ ಒಬ್ಬನೇ ಇದ್ದ. ಪುಡಿ ಹಾಕಿದವನೂ ಅವನೇ.

"ಪುಡಿ ಬಿಳಿಚಿದ ಹಾಗೆ ಕಾಣ್ತದಲ್ಲ ಮಾರಾಯ" ಎಂದು ಇಗ್ನೇಷಿಯಸ್ ಒಳಗೆ ಬಂದಾಗ ಕ್ರೇಗ್ ಹೇಳಿದ್ದ. ಈಗ ಹಳದಿ ಗ್ಲಾಸನ್ನು ನೋಡುತ್ತ ನಿಂತ ಇಗ್ನೇಷಿಯಸ್‌ಗೆ ಆ ಮಾತೇ ಚುಚ್ಚತೊಡಗಿತು. ಮೊದಲೇ ನೆಪ ಹೇಳಿಟ್ಟುಕೊಂಡನೇ?

ಮನೆಯೂ ಮೊದಲಿನಂತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಕ್ಲೊಟಿಲ್ಡಾ ಕೆಲವು ವಾರಗಳಿಂದ ಅವನೊಡನೆ ಬೆಳಗಿನ ಕಾಫಿಗೆ ಕೂರುತ್ತಿರಲಿಲ್ಲ. ಅವನು ಅಡುಗೆಮನೆಗೆ ಹೋದರೆ ಏನನ್ನೋ ಸರಿಸಿಟ್ಟ ಸದ್ದು.

"ನಾನಿಲ್ಲದಾಗ ಕ್ರೇಗ್ ಬಂದಿದ್ದನಾ?"

"ಅವನು ಯಾಕೆ ಬರ್ತಾನೆ?" ಎಂದವಳು ಮುಖ ತಿರುಗಿಸಿಕೊಂಡಳು.

ಮರುದಿನ ಕಂಪನಿ ಬಸ್ಸಿನಲ್ಲಿ ಇಗ್ನೇಷಿಯಸ್ ಕ್ರೇಗ್‌ನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟ. "ಪುಡಿಯನ್ನು ಎಂತ ಮಾಡಿದೆ? ರಾಬರ್ಟ್ ಎದುರು ನನ್ನ ಮಾನ ತೆಗೀಲಿಕ್ಕಾ?"

ಕ್ರೇಗ್ ಮೊದಲು ನಕ್ಕ. ತಮಾಷೆಯಲ್ಲವೆಂದು ತಿಳಿದ ಮೇಲೆ ಅವನ ಮುಖ ಬಿಗಿಯಿತು. "ಡಬ್ಬ ನಿನ್ನ ಮನೆಯದ್ದು. ಹುರಿದದ್ದು ನೀನು. ನಾನು ಕಳ್ಳನಾ?" ಎಂದು ಎದ್ದು ಹಿಂದಿನ ಸೀಟಿಗೆ ಹೋದ. ಆ ಗುರುವಾರ ಬರಲಿಲ್ಲ.

ಇಗ್ನೇಷಿಯಸ್ ಹೊಸದಾಗಿ ಬಾರ್ಲಿ ಹುರಿದು ಪುಡಿಮಾಡಿ ಡಬ್ಬ ತುಂಬಿಸಿಟ್ಟ. ನಾಲ್ಕೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಪುಡಿ ಅಷ್ಟೇ ಇತ್ತು, ಬಣ್ಣ ಮಾತ್ರ ಮತ್ತೆ ಪೇಲವ. ಈ ನಡುವೆ ಕ್ರೇಗ್ ಮನೆಗೆ ಕಾಲಿಟ್ಟಿರಲಿಲ್ಲ. ಹಾಗಾದರೆ ಉಳಿದದ್ದು ಕ್ಲೊಟಿಲ್ಡಾ ಒಬ್ಬಳೇ. ಕ್ರೇಗ್ ಹೇಳಿಕೊಟ್ಟಂತೆ ಇವಳು ಮಾಡುತ್ತಿದ್ದಾಳೆಯೇ?

ಒಂದು ಮಧ್ಯಾಹ್ನ ತಲೆನೋವೆಂದು ರಜೆ ಕೇಳಿ ಬೇಗ ಮನೆಗೆ ಬಂದ. ಸದ್ದಿಲ್ಲದೆ ಬಾಗಿಲು ತೆರೆದ. ಕ್ಲೊಟಿಲ್ಡಾ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಣಲೆಯಲ್ಲಿ ಬಾರ್ಲಿ ಹುರಿಯುತ್ತಿದ್ದಳು. ಪಕ್ಕದಲ್ಲಿ ಅವನ ಡಬ್ಬ ಬಾಯಿ ತೆರೆದುಕೊಂಡಿತ್ತು.

"ಯಾರು ಹೇಳಿದ್ದು ಇದನ್ನು ಮಾಡ್ಲಿಕ್ಕೆ? ಕ್ರೇಗ್‌ನಾ?"

ಅವಳು ಬೆಚ್ಚಿ ಒಲೆ ಆರಿಸಿದಳು. "ನಾನೇ ಕುಡಿದದ್ದು. ಕಾಫಿ ಬಿಟ್ಟೆ, ಬದಲಿಗೆ ನಿನ್ನ ಪುಡಿ ಕುದಿಸಿ ಕುಡೀತಿದ್ದೆ. ಖಾಲಿಯಾದಷ್ಟು ಹುರಿದು ತುಂಬಿಸ್ತಿದ್ದೆ. ಕಪ್ಪಾಗುವವರೆಗೆ ಹುರೀಲಿಕ್ಕೆ ಆಗುದಿಲ್ಲ, ಆ ವಾಸನೆಗೆ ಹೊಟ್ಟೆ ತೊಳಸ್ತದೆ."

"ಕಾಫಿ ಯಾಕೆ ಬಿಟ್ಟದ್ದು?"

ಅವಳು ಕರವಸ್ತ್ರ ಬಿಚ್ಚಿದಳು. ಉತ್ತರ ಬರುವ ಮೊದಲೇ ಅವನಿಗೆ ತಿಳಿಯಿತು. ಹಿಂದೆ ಎರಡು ಸಲ ಬಸಿರು ನಿಂತು ಜಾರಿಹೋಗಿತ್ತು. ಎರಡು ಸಲವೂ ಅವನು ಊರಿಗೆಲ್ಲ ಫೋನ್ ಮಾಡಿ ಹೇಳಿಯಾಗಿತ್ತು.

"ಮೂರು ತಿಂಗಳು ದಾಟಲಿ ಅಂತ ಕಾದೆ. ಹೇಳಿದ್ರೆ ಹೋಗ್ತದೆ ಅಂತ ಹೆದರಿಕೆ" ಎಂದಳು.

ಇಗ್ನೇಷಿಯಸ್ ಡಬ್ಬದ ಮುಚ್ಚಳ ಹಾಕಿದ. ಸಂತೋಷಕ್ಕಿಂತ ಮೊದಲು ಅವನಿಗೆ ಆದದ್ದು ನಾಚಿಕೆ.

ಆ ಶುಕ್ರವಾರ ಪೂಜೆ ಮುಗಿದ ಮೇಲೆ ಕ್ರೇಗ್‌ನ ಫ್ಲ್ಯಾಟಿಗೆ ಹೋದ. ಕ್ರೇಗ್ ಬಾಗಿಲು ಅರ್ಧವಷ್ಟೇ ತೆರೆದ. ಎಲ್ಲ ಕೇಳಿಸಿಕೊಂಡು, "ಮಗು ವಿಷಯ ಸಂತೋಷ" ಎಂದ. ತಪ್ಪಾಯಿತೆಂಬ ಮಾತು ಮುಗಿಯುವ ಮೊದಲೇ ಬಾಗಿಲು ಮುಚ್ಚಿದ.

ಮೂರನೆಯ ಬಿಯರನ್ನು ಇಗ್ನೇಷಿಯಸ್ ಒಬ್ಬನೇ ಕಾಯಿಸಿದ. ಬಣ್ಣ ಬಂತು. ಬೀಳ್ಕೊಡುಗೆಯ ಸಂಜೆ ರಾಬರ್ಟ್ ಒಂದೇ ಉಸಿರಿಗೆ ಗ್ಲಾಸ್ ಖಾಲಿ ಮಾಡಿ ಇನ್ನೊಮ್ಮೆ ಚಾಚಿದ. ಕ್ರೇಗ್ ಪೆಪ್ಸಿ ಹಿಡಿದು ದೂರ ನಿಂತಿದ್ದ. ಸೂಪರ್‌ವೈಸರ್ ಜಾಗಕ್ಕೆ ಕಂಪನಿ ಹೊರಗಿನವನೊಬ್ಬನನ್ನು ತಂದಿತು.

ಆಗಸ್ಟ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ಮಗು ನೋಡಲು ಬಂದ ಕ್ರೇಗ್‌ನನ್ನು ನಾಮಕರಣಕ್ಕೆ ದೇವಪಿತನಾಗಿ, ಮಗುವಿನ ಧರ್ಮದ ತಂದೆಯಾಗಿ, ನಿಲ್ಲಬೇಕೆಂದು ಕ್ಲೊಟಿಲ್ಡಾ ಕೇಳಿದಳು. ಅವನು ಮಗುವನ್ನೂ, ಆಮೇಲೆ ಇಗ್ನೇಷಿಯಸ್‌ನನ್ನೂ ನೋಡಿದ.

"ಇದು ನೀವು ಕೇಳುವುದಾ, ಇವನು ಕೇಳಿಸುವುದಾ?"

"ನಾನೇ ಕೇಳುವುದು" ಎಂದ ಇಗ್ನೇಷಿಯಸ್.

ಕ್ರೇಗ್ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ.