ಮೂರನೇ ಗೆರೆ

ಫ್ಯಾನಿನ ರೆಗ್ಯುಲೇಟರು ಎರಡರಲ್ಲಿದ್ದರೂ ನಾಲ್ಕರಲ್ಲಿದ್ದರೂ ಗಾಳಿ ಅಷ್ಟೇ, ಆದರೂ ಹೋಗುವಾಗ ಬರುವಾಗ ನರ್ಸು ಅದನ್ನೊಮ್ಮೆ ತಿರುಗಿಸಿ ಹೋಗುತ್ತಾಳೆ, ತಿರುಗಿಸಿದೆನೆಂಬ ಸಮಾಧಾನವೇ ಬಹಳ ಜನಕ್ಕೆ ಸಾಕು — ಅಕ್ಕನಿಗೆ ಸಾಲದು, ಅರ್ಧ ತಿರುಗಿಸಿದರೆ ಅರ್ಧ ಓಡಬೇಕು ಕಣೋ ಗಾಲಿಕುರ್ಚಿ, ಇದೇನು ಆಮೆ ಥರ ಹೋಗಿ ಹೋಗಿ ಕೊನೇಲಿ ಕುದುರೆ ಆಗುತ್ತೆ, ನೀನು ಇಂಜಿನಿಯರೋ ಸರ್ಕಸ್ಸಿನವನೋ, ಈಗ ಆ ಆಪರೇಷನ್ ಕೋಣೆಯ ಬಾಗಿಲ ಹಿಂದೆ ಅವಳ ಸೊಂಟದ ಮೂಳೆ ಕೂಡಿಸುತ್ತಿದ್ದಾರೆ, ತಲೆಯ ವಿಷಯ ನಾಳೆ ಹೇಳುತ್ತೇವೆ ಅಂದರು, ನಾಳೆ ಎಷ್ಟು ಹೊತ್ತಿಗೆ ಅಂತ ಕೇಳಿದರೆ ಡಾಕ್ಟರು ನನ್ನ ಚಪ್ಪಲಿ ನೋಡಿದರು, ಒಂದು ನನ್ನದು, ಇನ್ನೊಂದು ಯಾರದೋ. ಆಮೆ ಕುದುರೆ ಎರಡೂ ನನ್ನವೇ, ಕುರ್ಚಿಗೆ ಮೋಟಾರು ಕೂರಿಸಿದವನು ನಾನು, ವೇಗ ಏರಿಸಿ ಇಳಿಸುವ ನಾಬಿನಡಿಗೆ ನಾನು ತಂದು ಹಾಕಿದ ಪೊಟೆನ್ಶಿಯೋಮೀಟರು ರೇಡಿಯೋದ ಸದ್ದು ಏರಿಸುವಂಥದ್ದು, ಮೊದಲು ಹನಿಹನಿಯಾಗಿ ಏರಿ ಕೊನೆಗೆ ಒಮ್ಮೆಲೇ ಜಿಗಿಯುವಂಥದ್ದು, ಅಂಗಡಿಯಲ್ಲಿ ಅಂದು ಬೇರೆ ಇರಲಿಲ್ಲ, ಮರುದಿನ ಬದಲಿಸಿದ್ದರೆ ಮುಗಿಯುತ್ತಿತ್ತು, ಬಿಡಕ್ಕಾ ಪ್ರೋಗ್ರಾಮಲ್ಲೇ ಸರಿ ಮಾಡ್ತೀನಿ ಅಂದೆ, ಸಾಮಾನು ಸೊಟ್ಟಗಿದ್ದರೆ ಲೆಕ್ಕವನ್ನೂ ಅಷ್ಟೇ ಸೊಟ್ಟ ಮಾಡಿದರಾಯಿತು, ಎಂಥಾ ಜಾಣ, ಅವಳು ಉಗುರುಬಣ್ಣದಲ್ಲಿ ನಾಬಿನ ಸುತ್ತ ಹತ್ತು ಗೆರೆ ಎಳೆದಳು, ನಾಬಿನ ಮೇಲೊಂದು ಚುಕ್ಕೆ, ಚುಕ್ಕೆಯನ್ನು ಒಂದೊಂದು ಗೆರೆಗೂ ನಿಲ್ಲಿಸಿ ಮೋಟಾರು ನಡೆಸುವ ಚಿಪ್ಪು ಏನು ಓದುತ್ತದೆಂದು ನಾನು ಬರೆದುಕೊಂಡೆ, ಹತ್ತಕ್ಕೆ ಸಾವಿರದ ಚಿಲ್ಲರೆ, ಐದನೇ ಗೆರೆಗೆ ಐನೂರರ ಮೇಲೆ ಬರಬೇಕಾದಲ್ಲಿ ನೂರಮೂವತ್ತು, ಆರಕ್ಕೆ ಇನ್ನೂರರವತ್ತು, ಏಳಕ್ಕೆ ನಾನೂರಮೂವತ್ತು, ಕೋಷ್ಟಕ ಮಾಡಿ ಚಿಪ್ಪಿಗೆ ಪಾಠ ಹೇಳಿದೆ, ನೂರಮೂವತ್ತು ಕಂಡರೆ ಅರ್ಧ ಅಂತ ತಿಳಿ, ಅದೂ ತಿಳಿಯಿತು, ಕುರ್ಚಿ ಗೆರೆಗೆ ಗೆರೆ ಸರಿಯಾಗಿ ಓಡಿತು, ಅಕ್ಕ ಹಜಾರದಲ್ಲಿ ಮೂರು ಸುತ್ತು ಹೊಡೆದು ಸರ್ಕಸ್ಸಿನವನೇ ಗೆದ್ದ ಅಂದಳು.

ಎರಡು ವರ್ಷ, ಆಮೇಲೆ ನಾಬು ಕರಕರ ಅನ್ನತೊಡಗಿತು, ಭಾನುವಾರ ಬರ್ತೀನಿ ಅಕ್ಕಾ ಅಂದೆ, ಯಾವ ಭಾನುವಾರ ಅಂತ ಹೇಳಲಿಲ್ಲವಲ್ಲ, ಮೂರು ಹೋದವು, ನಿನ್ನ ಭಾನುವಾರ ಪಂಚಾಂಗದಲ್ಲಿಲ್ಲ ಬಿಡು ಅಂತ ಅವಳು ಬೀದಿಕೊನೆಯ ರಿಪೇರಿಯವನನ್ನು ಕರೆಸಿದಳು, ಕನ್ನಡಕ ಅಂತಲೇ ಎಲ್ಲರೂ ಕರೆಯುವುದು, ನಿನ್ನೆ ಬಂದ, ಬಿಚ್ಚಿದ, ಅಯ್ಯೋ ಇದು ರೇಡಿಯೋದ್ದು ಅಕ್ಕಾವ್ರೇ, ಯಾವ ಪುಣ್ಯಾತ್ಮ ಹಾಕಿದ್ದು ಅಂತ ನಕ್ಕನಂತೆ, ಒಳ್ಳೆಯದು ಹಾಕಿದ, ನೆಟ್ಟಗೆ ಏರುವಂಥದ್ದು, ಮೊದಲೇ ಇರಬೇಕಾಗಿದ್ದು ಅದೇ, ಆದರೆ ನನ್ನ ಕೋಷ್ಟಕ ಒಳಗೆ ಕುಳಿತೇ ಇತ್ತು, ನೆಟ್ಟಗೆ ಬಂದದ್ದನ್ನು ಸೊಟ್ಟ ಮಾಡುತ್ತ, ಮೂರಕ್ಕಿಟ್ಟರೆ ಮುನ್ನೂರು, ಮುನ್ನೂರೆಂದರೆ ನನ್ನ ಲೆಕ್ಕದಲ್ಲಿ ಆರು ದಾಟಿತು, ಇಮ್ಮಡಿ ವೇಗ, ಡಬ್ಬಿಯೊಳಗೊಂದು ಚೀಟಿ ಅಂಟಿಸಿದ್ದರೆ, ಬದಲಿಸುವವರು ಇದೇ ಥರದ್ದು ಹಾಕಿ, ನಾಲ್ಕು ಮಾತು, ಇವತ್ತು ಬೆಳಿಗ್ಗೆ, ರಿಪೇರಿಯಾದ ಮೇಲೆ ಮೊದಲ ಸಲ, ಅವಳು ಬಾಗಿಲ ಮುಂದಿನ ಇಳಿಜಾರಿಗೆ ಹೊರಟಳು, ಭಾವ ಅವಳನ್ನು ಆಂಬುಲೆನ್ಸಿಗೆ ಹತ್ತಿಸುತ್ತಿದ್ದಾಗ ನಾನು ಓಡಿಬಂದು ಕವುಚಿಬಿದ್ದ ಕುರ್ಚಿ ಎತ್ತಿದೆ, ಚುಕ್ಕೆ ಮೂರನೇ ಗೆರೆಯಲ್ಲಿತ್ತು, ಇಳಿಯುವಾಗ ಅವಳು ಇಡುತ್ತಿದ್ದುದೇ ಮೂರಕ್ಕೆ, ಗಾಬರಿಯಲ್ಲೂ ಅದರಾಚೆ ತಿರುಗಿಸಿಲ್ಲ, ನಾನು ಸೊನ್ನೆಗೆ ತಿರುಗಿಸಿದೆ, ಮತ್ತೆ ಓಡದಿರಲಿ ಅಂತ, ಅಂತಲೇ ಅಂದುಕೊಂಡೆ, ಸುತ್ತ ನೋಡಿದ್ದೇಕೆ ಹಾಗಾದರೆ, ಯಾರೂ ಇರಲಿಲ್ಲ. ಈಗ ಆಸ್ಪತ್ರೆಗೆ ಕನ್ನಡಕ ಬಂದಿದ್ದಾನೆ, ಕರೆಯದೆ ಬಂದಿದ್ದಾನೆ, ಬೆಂಚಿನ ತುದಿಯಲ್ಲಿ ಅರ್ಧ ಕೂತಿದ್ದಾನೆ, ಭಾವ ಎದ್ದು ನಿಂತರು, ಏನಯ್ಯಾ ಹಾಕಿದ್ದು ನೀನು, ಎಲ್ಲಿಂದ ತಂದ ಕಸ ಅದು, ಇಲ್ಲ ಸ್ವಾಮಿ ಹೊಸಾದು, ಮೀಟರ್ ಹಿಡಿದು ನೋಡಿದೀನಿ, ಅರ್ಧಕ್ಕೆ ಅರ್ಧ ಬರ್ತಿತ್ತು, ನಿನ್ನ ಮೀಟರ್‌ನ ಸ್ಟೇಷನ್ನಲ್ಲಿ ತೋರ್ಸುವಂತೆ ನಡಿ, ಅವನು ಭಾವನ ಮುಖ ಬಿಟ್ಟು ನನ್ನ ಕಡೆ ತಿರುಗಿದ, ನೀವು ಹೇಳಿ ಸಾರ್, ಮಾಡಿದೋರು ನೀವು, ಓದಿದೋರು, ನನ್ನ ಕೈಯಿಂದಾನೇ ಆಯ್ತು ಅಂದ್ರೆ ನಾನೇ ನಡ್ಕೊಂಡು ಹೋಗ್ತೀನಿ, ಆ ಎರಡು ದಪ್ಪ ಗಾಜುಗಳ ಹಿಂದೆ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತದೆ, ಹೇಳಪ್ಪಾ ಅಂದರು ಭಾವ, ನನ್ನ ಬಾಯಿ ತೆರೆಯಿತು, ಹೊಸ ಪಾರ್ಟ್ ಹಾಕಿದ ಮೇಲೇ ಆಗಿದ್ದು ಭಾವ, ಸುಳ್ಳಲ್ಲ, ಒಂದಕ್ಷರ ಸುಳ್ಳಿಲ್ಲ, ಕನ್ನಡಕ ತಲೆಯಾಡಿಸಿದ, ನಂಬಿದ, ನನಗಿಂತ ಹೆಚ್ಚಾಗಿ ನಂಬಿದ, ಇರಬೇಕು ಸಾರ್, ನಾನೇ ಎಲ್ಲೋ ನೋಡ್ಲಿಲ್ಲ, ಭಾವನ ಹಿಂದೆ ಮೆಟ್ಟಿಲಿಳಿಯತೊಡಗಿದ, ಇನ್ನೂ ಕರೆಯಬಹುದು, ಇನ್ನು ಎಂಟು ಮೆಟ್ಟಿಲು, ಏಳು, ಬೆಳಿಗ್ಗೆ ಹೆಬ್ಬೆರಳಿನಡಿ ನಾಬು ತಣ್ಣಗಿತ್ತು, ಉಗುರುಬಣ್ಣ ಅರ್ಧ ಸವೆದಿತ್ತು, ಚುಕ್ಕೆ ಮೂರನೇ ಗೆರೆಯಲ್ಲಿತ್ತು, ಕೂದಲೆಳೆಯಷ್ಟೂ ಆಚೆಯಿರಲಿಲ್ಲ, ಕರೆಯಬಹುದು, ಚುಕ್ಕೆ, ಮೂರನೇ ಗೆರೆಯಲ್ಲಿ, ಚುಕ್ಕೆ