ಹನ್ನೊಂದು ಗಂಟೆ ನಲವತ್ತು ನಿಮಿಷ

"ಇನ್ನೊಂದು ಇಂಚು ಈ ಕಡೆ ತಳ್ಳು," ಎಂದಳು ಟೈಲರಮ್ಮ. ಸೊಸೆ ಟ್ರಂಕನ್ನು ತಳ್ಳಿದಳು. ನಲವತ್ತು ವರ್ಷ ಊರವರ ಸೊಂಟ ಅಳೆದ ಟೇಪನ್ನು ಟೈಲರಮ್ಮ ಕುರ್ಚಿಯ ಮೇಲೆ ಹಿಡಿದು ನೋಡಿದಳು. ಗೋಡೆಗೂ ಟ್ರಂಕಿಗೂ ನಡುವೆ ಸರಿಯಾಗಿ ಹದಿನೇಳು ಇಂಚು, ಮಂಡಿಯ ಮುಂದೆ ಹೊಲಿಗೆ ಯಂತ್ರ. ವಿಮಾನದ ಸೀಟು ಇಷ್ಟೇ ಇಷ್ಟು ಎಂದು ಮಗ ಹೆದರಿಸಿದ್ದ.

"ಒಂಬತ್ತೂವರೆ ಸಾವಿರ ಕಿಲೋಮೀಟರಮ್ಮ, ಕೆಳಗೆ ಬರೀ ಸಮುದ್ರ. ಹನ್ನೊಂದು ಗಂಟೆ ನಲವತ್ತು ನಿಮಿಷ ಬೆಲ್ಟು ಬಿಗಿದು ಅಲ್ಲಾಡದೆ ಕೂತಿರ್ಬೇಕು. ಬಸ್ಸಲ್ಲಿ ಒಂದು ಗಂಟೆ ಕೂತ್ರೇ ಮಂಡಿ ಮಂಡಿ ಅಂತೀಯ!"

ಆ ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಫೋನಿನಲ್ಲಿ ಓದಿ ಮಗ ಹೇಳಿದ್ದೇ ವೇದವಾಕ್ಯ.

ಸಮುದ್ರದಾಚೆಯ ದೇಶದಲ್ಲಿದ್ದ ಟೈಲರಮ್ಮನ ತಂಗಿಯ ಕಣ್ಣು ಹೋಗುತ್ತಿತ್ತು. ಇನ್ನೆರಡು ತಿಂಗಳು ಎಂದು ಡಾಕ್ಟರು ಕೈಚೆಲ್ಲಿದ್ದರು. ಫೋನಿನ ಪರದೆಯಲ್ಲಿ ಅವಳಿಗೆ ಅಕ್ಕನ ಮುಖ ಬರೀ ಮಬ್ಬು. "ಹತ್ತಿರ ಬಂದ್ರೆ ಕಾಣ್ತೀಯ ಕಣೇ ಅಕ್ಕ," ಎಂದಿದ್ದಳು. ಅಂದಿನಿಂದ ಟೈಲರಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟು ಹೊತ್ತು ಕೂತೇ ತೋರಿಸ್ತೀನಿ ಎಂದು ಹಟ ಹಿಡಿದು, ಬೆಳಗ್ಗೆ ಆರಕ್ಕೆ ಲೈನಿಂಗ್ ಬಟ್ಟೆಯ ಪಟ್ಟಿಯೊಂದನ್ನು ಸೊಂಟಕ್ಕೂ ಕುರ್ಚಿಗೂ ಬಿಗಿದುಕೊಂಡು ಕೂತಳು. "ಒಂದು ಗಂಟೆ ಬಿಟ್ಟು ನೋಡು, ತಾನಾಗೇ ಏಳ್ತಾಳೆ," ಎಂದು ಮಗ ನಗುತ್ತ ಕೆಲಸಕ್ಕೆ ಹೋದ. ಬಚ್ಚಲಿಗೆ ಏಳುವ ಹಾಗಿಲ್ಲವಲ್ಲ, ಎರಡೇ ಗುಟುಕು ನೀರು ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಂಡಿತು, ಪಾದ ಬಾತುಕೊಂಡವು. ಪಕ್ಕದ ಮನೆಯವಳು ಬಾಗಿಲಲ್ಲಿ ಇಣುಕಿದಳು.

"ಏನ್ರೀ ಟೈಲರಮ್ಮ, ಎಲ್ಲಿಗೆ ಬಂತು ವಿಮಾನ?"

"ಸಮುದ್ರದ ನಟ್ಟನಡುವೆ ಇದೀನಿ. ತಲೆ ತಿನ್ಬೇಡ, ಹೋಗು!"

ಮೂರು ಗಂಟೆಗೆ ಸೊಸೆ ತಡೆಯಲಾರದೆ ಗಂಡನಿಗೆ ಫೋನು ಮಾಡಿ ಅತ್ತಳು. ಅವನು ಬಿದ್ದಂಬೀಳ ಓಡಿ ಬಂದ. ತಾಯಿಯ ಪಾದ ನೋಡಿ ಅಲ್ಲೇ ನೆಲದ ಮೇಲೆ ಕೂತ.

"ಸಾಕಮ್ಮ, ಏಳು. ವಿಮಾನದಲ್ಲಿ ಎದ್ದು ಓಡಾಡ್ಬಹುದು. ಬಚ್ಚಲೂ ಇರುತ್ತೆ."

"ಮೊದಲೇ ಗೊತ್ತಿತ್ತಾ ನಿಂಗೆ?"

"ಹೆದರಿ ಸುಮ್ಮನಾಗ್ತೀಯ ಅಂದ್ಕೊಂಡೆ. ದಾರೀಲಿ ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗನೇ ಕಣ್ಣಿಗೆ ಮಣ್ಣೆರಚಿದ್ದನಲ್ಲ! ಅವನು ಪಟ್ಟಿಯ ಗಂಟಿಗೆ ಕೈ ಹಾಕಿದಾಗ ಪಟ್ಟನೆ ಏಟು ಕೊಟ್ಟಳು.

"ಮುಟ್ಬೇಡ. ಇನ್ನೆಷ್ಟು ಹೊತ್ತಿದೆ?"

"ಎರಡು ಗಂಟೆ. ನಿನ್ನ ಕಾಲಿಗೆ ಬೀಳ್ತೀನಿ, ಏಳಮ್ಮ."

"ಬಿದ್ದಿರು, ಯಾರು ಬೇಡ ಅಂದ್ರು? ಈಗ ಎದ್ರೆ ನಾಳೆ ನೀನೇ ಅಂತೀಯ, ಪೂರ್ತಿ ಕೂರೋಕಾಗ್ಲಿಲ್ಲ ಅಂತ. ಫೋನು ತೆಗಿ, ಟಿಕೆಟ್ ನೋಡು. ಕಿಟಕಿ ಪಕ್ಕದ್ದು ಬೇಡ. ಓಡಾಡ್ಬಹುದು ಅಂದ್ಯಲ್ಲ, ದಾರಿ ಪಕ್ಕದ್ದೇ ಇರ್ಲಿ."

ಮಗ ನೆಲದ ಮೇಲೆ ಕೂತೇ ಫೋನು ತೆಗೆದ. ಬಹಳ ಹೊತ್ತು ಒತ್ತುತ್ತಿದ್ದು, ತಲೆ ಎತ್ತದೆ ಕೇಳಿದ. "ಎಷ್ಟು ಜನ ಅಂತ ಕೇಳ್ತಾ ಇದೆಯಮ್ಮ."

"ಒಬ್ಬಳು," ಎಂದು ಟೈಲರಮ್ಮ ಬಾತ ಪಾದಗಳನ್ನು ನೆಲಕ್ಕೆ ಒತ್ತಿ ನೆಟ್ಟಗೆ ಕೂತಳು.